ಇಬ್ಬರು ಜಯಮ್ಮಂದಿರು, ಒಂದೇ ಪಾಸ್‌ವರ್ಡ್

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಡಾಕ್ಟರು. ತಾಲ್ಲೂಕು ಕೇಂದ್ರವೊಂದರಲ್ಲಿ 30 ಹಾಸಿಗೆಯ ನರ್ಸಿಂಗ್ ಹೋಂ ನಡೆಸುತ್ತಿದ್ದೇವೆ. ಎರಡು ವರ್ಷದ ಹಿಂದೆ ಕೇಸ್ ಶೀಟ್ ಬಿಟ್ಟು ಕಂಪ್ಯೂಟರಿಗೆ ಬಂದೆವು. ಹೋದ ತಿಂಗಳು ಜಯಮ್ಮ ಎಂಬ ಹೆಸರಿನ ಇಬ್ಬರು ಒಂದೇ ವಾರ್ಡಿನಲ್ಲಿದ್ದರು, ಅವರ ರಕ್ತಪರೀಕ್ಷೆಯ ರಿಪೋರ್ಟ್ ಅದಲುಬದಲಾಯಿತು. ಒಬ್ಬರ ಪೊಟ್ಯಾಸಿಯಂ ಇನ್ನೊಬ್ಬರ ಫೈಲಿಗೆ ಹೋಗಿತ್ತು. ರೌಂಡ್ಸ್‌ನಲ್ಲಿ ಸಿಸ್ಟರ್ ಗಮನಿಸಿದ್ದರಿಂದ ಅನಾಹುತ ತಪ್ಪಿತು. ಯಾರು ಹಾಕಿದ ಎಂಟ್ರಿ ಎಂದು ನೋಡಿದರೆ ‘ಅಡ್ಮಿನ್’ ಎಂದು ತೋರಿಸುತ್ತದೆ. ನಮ್ಮಲ್ಲಿ ಎಲ್ಲರೂ ಬಳಸುವುದು ಆ ಒಂದೇ ಲಾಗಿನ್. ಸಾಫ್ಟ್‌ವೇರ್‌ನವರನ್ನು ಕೇಳಿದರೆ ‘ಎಲ್ಲಾ ಕ್ಲೌಡ್‌ನಲ್ಲಿದೆ, ಸೇಫ್’ ಅನ್ನುತ್ತಾರೆ. ತಪ್ಪು ಎಂಟ್ರಿಯನ್ನು ಡಿಲೀಟ್ ಮಾಡಿಬಿಡಲೇ? ಮುಂದೆ ಹೀಗಾಗದಂತೆ ಏನು ಮಾಡಬೇಕು? ಹಳೇ ಕೇಸ್ ಶೀಟ್‌ಗಳು ಒಂದು ರೂಮು ತುಂಬಿವೆ, ಅವನ್ನೇನು ಮಾಡುವುದು?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಡಿಲೀಟ್ ಮಾಡಬೇಡಿ ಮೇಡಂ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ, ಇದೊಂದನ್ನು ಇವತ್ತೇ ನಿಮ್ಮ ಸ್ಟಾಫಿಗೂ ಹೇಳಿಬಿಡಿ.

ಕಾಗದದ ಕಾಲದಲ್ಲಿ ತಪ್ಪು ಬರೆದರೆ ಏನು ಮಾಡುತ್ತಿದ್ದಿರಿ? ಕೆಳಗಿನ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ತಾರೀಖು ಹಾಕುತ್ತಿದ್ದಿರಿ. ವೈಟ್ನರ್ ಹಚ್ಚಿದ ಕೇಸ್ ಶೀಟ್ ಕೋರ್ಟಿಗೆ ಹೋದರೆ ಗತಿಯೇನು ಎಂದು ನಾನು ಎಂಆರ್‌ಡಿಗೆ, ಅಂದರೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ, ಸೇರಿದ ಮೊದಲ ವಾರವೇ ಸೀನಿಯರ್‌ಗಳು ಹೆದರಿಸಿದ್ದರು. ಡಿಲೀಟ್ ಬಟನ್ ಕೂಡ ವೈಟ್ನರೇ. ತಪ್ಪು ಎಂಟ್ರಿಯನ್ನು ‘ತಪ್ಪಾಗಿ ದಾಖಲಾದದ್ದು’ ಎಂದು ಗುರುತು ಹಾಕಿ, ಕಾರಣ ಬರೆದು, ಅಲ್ಲೇ ಉಳಿಸಿ. ಸರಿಯಾದ ಜಯಮ್ಮನ ಫೈಲಿಗೆ ಆ ರಿಪೋರ್ಟ್ ಹಾಕುವಾಗ ರಕ್ತ ತೆಗೆದ ಸಮಯ ಯಾವುದು, ಈಗ ಎಂಟ್ರಿ ಮಾಡುತ್ತಿರುವ ಸಮಯ ಯಾವುದು ಎರಡನ್ನೂ ತೋರಿಸಿ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಹೀಗೆ ಗುರುತು ಹಾಕುವ ವ್ಯವಸ್ಥೆಯೇ ಇಲ್ಲ, ಅಳಿಸಬಹುದು ಅಷ್ಟೇ ಎಂದಾದರೆ, ಆ ಸಾಫ್ಟ್‌ವೇರ್ ಆಸ್ಪತ್ರೆಗೆಂದು ಮಾಡಿದ್ದಲ್ಲ, ಅಂಗಡಿ ಬಿಲ್ಲಿಂಗಿಗೆ ಮಾಡಿದ್ದನ್ನು ನಿಮಗೆ ಮಾರಿದ್ದಾರೆ.

ತಿದ್ದುಪಡಿಗಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಆ ತಪ್ಪು ಪೊಟ್ಯಾಸಿಯಂ ಫೈಲಿನಲ್ಲಿ ಕೂತಿದ್ದ ಅವಧಿಯಲ್ಲಿ ಯಾರು ಅದನ್ನು ನೋಡಿದರು, ನೋಡಿ ಏನು ಮಾಡಿದರು? ಪೊಟ್ಯಾಸಿಯಂ ಮೊದಲೇ ಹೆಚ್ಚಿರುವವರಿಗೆ ‘ಕಡಿಮೆ ಇದೆ’ ಎಂದು ಡ್ರಿಪ್ಪಿನಲ್ಲಿ ಮತ್ತೆ ಪೊಟ್ಯಾಸಿಯಂ ಕೊಟ್ಟರೆ ಹೃದಯವೇ ನಿಲ್ಲಬಹುದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಡಿಸ್ಚಾರ್ಜ್ ಸಮರಿಗೆ ಆ ಅಂಕಿ ಹೋಯಿತೇ? ರೆಫರಲ್ ಚೀಟಿಗೆ? ಮಗನ ವಾಟ್ಸಾಪಿಗೆ ಯಾರಾದರೂ ಫೋಟೋ ಕಳಿಸಿದರೇ? ಕಂಪ್ಯೂಟರಿನಲ್ಲಿ ತಿದ್ದಿದ ಮಾತ್ರಕ್ಕೆ ಹೊರಗೆ ಹೋದ ಪ್ರಿಂಟ್ ತಿದ್ದಿಕೊಳ್ಳುವುದಿಲ್ಲ. ಇಬ್ಬರು ಜಯಮ್ಮಂದಿರ ಮನೆಯವರಿಗೂ ಹೇಳಿ, ತಪ್ಪು ಪ್ರತಿ ವಾಪಸ್ ಪಡೆಯಿರಿ. ಮುಜುಗರ ಆಗುತ್ತದೆ, ಆಗಲಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ನೀವು ಎರಡು ತೊಂದರೆ ಬರೆದಿದ್ದೀರಿ: ರಿಪೋರ್ಟ್ ಅದಲುಬದಲು ಒಂದು, ಎಲ್ಲರಿಗೂ ಒಂದೇ ಲಾಗಿನ್ ಇನ್ನೊಂದು. ಮೊದಲನೆಯದು ಸಿಸ್ಟರ್‌ಗಳ ತಲೆನೋವು, ಎರಡನೆಯದು ಕಂಪ್ಯೂಟರಿನವರ ತಲೆನೋವು ಎಂದು ಬಹಳ ಆಸ್ಪತ್ರೆಗಳು ಬೇರೆ ಬೇರೆ ಮಾಡಿ ಕೂರುತ್ತವೆ. ನನ್ನ ಲೆಕ್ಕದಲ್ಲಿ ಅವು ಒಂದೇ. ದಾಖಲೆಯ ಪ್ರತಿ ಸಾಲಿಗೂ ಎರಡು ಹೆಸರು ಬೇಕು: ಇದು ಯಾರ ಬಗ್ಗೆ, ಇದನ್ನು ಬರೆದವರು ಯಾರು. ಎರಡರಲ್ಲಿ ಒಂದು ತಪ್ಪಿದರೂ ಆ ಸಾಲನ್ನು ನಂಬಿ ಔಷಧಿ ಕೊಡಲು ಆಗುವುದಿಲ್ಲ. ನಿಮ್ಮಲ್ಲಿ ಎರಡೂ ತಪ್ಪಿದ್ದವು.

ಮೊದಲ ಹೆಸರಿನಿಂದ ಶುರು ಮಾಡೋಣ. ನಮ್ಮ ಹೆಸರುಗಳು ಕನ್ನಡದಲ್ಲಿದ್ದಾಗ ಸರಳ, ಸಾಫ್ಟ್‌ವೇರಿನ ಇಂಗ್ಲಿಷ್ ಕಾಲಮ್ಮಿಗೆ ಹೋದ ಕೂಡಲೇ ಗೋಜಲು. ಮಂಜುನಾಥನ ಕೊನೆಗೆ ‘ಎ’ ಹಾಕಿದರೆ ಒಬ್ಬ, ಬಿಟ್ಟರೆ ಇನ್ನೊಬ್ಬ. ಲಕ್ಷ್ಮಿಗೆ ಒಬ್ಬರು ‘ಕೆಎಸ್ಎಚ್’, ಇನ್ನೊಬ್ಬರು ‘ಎಕ್ಸ್’. ಮಂಡ್ಯದ ಗೌಡರಿಗೆ ‘ಡಬ್ಲ್ಯೂ’, ಧಾರವಾಡದ ಗೌಡರಿಗೆ ‘ಯು’. ಇನಿಷಿಯಲ್ ಹಿಂದೆಯೋ ಮುಂದೆಯೋ ಎಂಬುದು ಕೌಂಟರಿನ ಹುಡುಗನ ಮರ್ಜಿ. ಇಷ್ಟು ಸಾಲದೆಂಬಂತೆ ಜನ್ಮದಿನಾಂಕ. ನಮ್ಮ ಕಡೆಯ ಹಿರಿಯರಲ್ಲಿ ಎಷ್ಟು ಜನ ಜನವರಿ 1ರಂದೇ ಹುಟ್ಟಿದ್ದಾರೆ ನೋಡಿ! ಇಸವಿ ಮಾತ್ರ ಗೊತ್ತಿದ್ದವರಿಗೆ ಗುರುತಿನ ಚೀಟಿ ಮಾಡುವಾಗ ತುಂಬಿದ ತಾರೀಖು ಅದು. ಮೊಬೈಲ್ ನಂಬರ್ ಎಂದರೆ ಮಗನದ್ದು, ಅದೇ ನಂಬರಿನಲ್ಲಿ ಅಪ್ಪ, ಅಮ್ಮ, ಅತ್ತೆ, ಪಕ್ಕದ ಮನೆ ಅಜ್ಜಿ. ಹೀಗಾಗಿ ಹೆಸರು, ಹುಟ್ಟಿದ ದಿನ, ಫೋನ್ ಮೂರೂ ಹೊಂದಿದರೂ ನಿಮ್ಮ ಮುಂದಿರುವವರು ಬೇರೆಯವರೇ ಆಗಿರಬಹುದು. ನಮ್ಮೂರಿನ ಆಸ್ಪತ್ರೆಗೆ ಗಂಡನ ಅಥವಾ ತಂದೆಯ ಹೆಸರು, ಊರು, ಒಂದು ಫೋಟೋ ಇವು ಮೂರು ಅಲಂಕಾರಕ್ಕಲ್ಲ.

ತಪ್ಪುಗಳಲ್ಲೂ ಎರಡು ಜಾತಿ. ಒಬ್ಬರಿಗೇ ಎರಡು ಫೈಲ್ ಆಗುವುದು ಒಂದು. ಪೆನಿಸಿಲಿನ್ ಅಲರ್ಜಿ ಒಂದರಲ್ಲಿರುತ್ತದೆ, ತೆರೆದು ನೋಡುವುದು ಇನ್ನೊಂದನ್ನು. ಇಬ್ಬರು ಒಂದೇ ಫೈಲಿನೊಳಗೆ ಸೇರಿಕೊಳ್ಳುವುದು ಎರಡನೆಯದು, ನನಗೆ ಹೆಚ್ಚು ಭಯ ಇದರದ್ದೇ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಅಕ್ಕನ ಸರ್ಕಾರಿ ಆರೋಗ್ಯ ಯೋಜನೆ ಕಾರ್ಡಿನ ಮೇಲೆ ತಂಗಿ ಅಡ್ಮಿಟ್ ಆಗಿದ್ದರು. ಬಡತನದ ಕೆಲಸ, ಬೈಯಲು ಮನಸ್ಸು ಬರುವುದಿಲ್ಲ. ಆದರೆ ತಂಗಿಯ ಬ್ಲಡ್ ಗ್ರೂಪ್ ಅಕ್ಕನ ಫೈಲಿನಲ್ಲಿ ಕೂತಿತು. ಮುಂದಿನ ವರ್ಷ ಅಕ್ಕನೇ ಆಪರೇಷನ್ನಿಗೆ ಬಂದಾಗ ರಕ್ತ ಕೊಡುವ ಮುಂಚೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್ ಮ್ಯಾಚಿಂಗ್‌ನಲ್ಲಿ ಹಿಡಿದದ್ದರಿಂದ ಬಚಾವಾದೆವು. ಆ ಫೈಲನ್ನು ಬಿಡಿಸಿ ಎರಡು ಮಾಡಲು ನನಗೂ ಲ್ಯಾಬಿನವರಿಗೂ ಪೂರ್ತಿ ಒಂದು ವಾರ ಹಿಡಿಯಿತು. ಎರಡು ಫೈಲುಗಳನ್ನು ಒಂದು ಮಾಡುವುದು ಸುಲಭ, ಬೆರೆತದ್ದನ್ನು ಬಿಡಿಸುವುದೆಂದರೆ ಮಜ್ಜಿಗೆಯಿಂದ ಹಾಲು ತೆಗೆದ ಹಾಗೆ. ಅದಕ್ಕೇ ಫೈಲ್ ಜೋಡಿಸುವ ಅಧಿಕಾರ ಕೌಂಟರಿನಲ್ಲಿ ಯಾರಿಗೂ ಇರಬಾರದು. ಒಬ್ಬರು ಸೂಚಿಸಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು.

ಈಗ ಆಭಾ ಎಂಬ ಆರೋಗ್ಯ ಖಾತೆಯ ನಂಬರ್ ಬಂದಿದೆ, ಅದನ್ನು ಹಾಕಿದರೆ ಈ ರಗಳೆ ಮುಗಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿ ಶುರುವಾಯಿತು, ಅದರಡಿ ಸಿಗುವ ಆಭಾ 14 ಅಂಕಿಯ ನಂಬರ್. ಕೌಂಟರಿನ ಕ್ಯೂಆರ್ ಕೋಡನ್ನು ಪೇಷಂಟ್ ತಮ್ಮ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾನಾಗಿ ಬಂದು ಕೂರುತ್ತವೆ, ಸ್ಪೆಲ್ಲಿಂಗ್ ಗೋಳು ತಪ್ಪುತ್ತದೆ. ಖಂಡಿತ ಬಳಸಿ. ಆದರೆ ಆ ಜನವರಿ 1 ಕೂಡ ಹಾಗೇ ಬರುತ್ತದೆ, ಮತ್ತು ತಪ್ಪು ಆಭಾವನ್ನು ತಪ್ಪು ಪೇಷಂಟಿಗೆ ಜೋಡಿಸಿದರೆ ಮೊದಲು ನಿಮ್ಮ ಕಟ್ಟಡದಲ್ಲೇ ಉಳಿಯುತ್ತಿದ್ದ ತಪ್ಪು ಬೇರೆ ಊರಿನ ಡಾಕ್ಟರ ಪರದೆಗೂ ತಲುಪುತ್ತದೆ.

ನಿಮ್ಮ ಜಯಮ್ಮಂದಿರ ವಿಷಯದಲ್ಲಿ ನನ್ನ ಅನುಮಾನ ಕಂಪ್ಯೂಟರಿನ ಮೇಲಲ್ಲ, ಟ್ಯೂಬಿನ ಮೇಲೆ. ಬೆಳಿಗ್ಗೆ ಆರಕ್ಕೆ ನರ್ಸಿಂಗ್ ಸ್ಟೇಷನ್ನಿನಲ್ಲಿ ಲೇಬಲ್ಲುಗಳನ್ನೆಲ್ಲ ಪ್ರಿಂಟ್ ಮಾಡಿ, ಖಾಲಿ ಟ್ಯೂಬುಗಳಿಗೆ ಅಂಟಿಸಿ, ಟ್ರೇಯಲ್ಲಿಟ್ಟುಕೊಂಡು ಹೊರಡುತ್ತಾರಲ್ಲ, ಅದೃಷ್ಟದ ಆಟ ಶುರುವಾಗುವುದು ಅಲ್ಲಿಂದ. ಲೇಬಲ್ ಅಂಟಬೇಕಾದದ್ದು ರಕ್ತ ತೆಗೆದ ಮೇಲೆ, ಹಾಸಿಗೆಯ ಪಕ್ಕದಲ್ಲೇ, ಪೇಷಂಟಿನ ಕೈಪಟ್ಟಿಯ ಜೊತೆ ಹೋಲಿಸಿ ನೋಡಿ. ಮತ್ತೆ ಕೇಳುವ ರೀತಿ. ‘ಜಯಮ್ಮ ಅಲ್ವಾ ಅಜ್ಜಿ?’ ಎಂದರೆ ಬಿಳಿ ಕೋಟಿನ ಮುಂದೆ ನಮ್ಮ ಅಜ್ಜಿಯರು ಯಾವುದಕ್ಕೂ ‘ಹೂಂ’ ಅನ್ನುತ್ತಾರೆ. ಕಿವಿ ಕೇಳಿಸದಿದ್ದರಂತೂ ಎರಡು ಸಲ ಅನ್ನುತ್ತಾರೆ. ‘ನಿಮ್ಮ ಹೆಸರೇನಜ್ಜಿ, ಯಾವೂರು?’ ಎಂದು ಕೇಳಿ, ಅವರ ಬಾಯಿಂದಲೇ ಬರಲಿ. ಗುರುತಿಗೆ ಕನಿಷ್ಠ ಎರಡು ವಿವರ ಹೊಂದಬೇಕು, ಬೆಡ್ ನಂಬರ್ ಅದರಲ್ಲಿ ಲೆಕ್ಕಕ್ಕಿಲ್ಲ. ಬೆಡ್ ಮಧ್ಯಾಹ್ನಕ್ಕೆ ಬದಲಾಗುತ್ತದೆ. ಒಂದೇ ಹೆಸರಿನವರು ಇಬ್ಬರಿದ್ದರೆ ಬೇರೆ ಬೇರೆ ರೂಮಿಗೆ ಹಾಕಿ. ಆಗದಿದ್ದರೆ ಫೈಲ್ ತೆರೆದಾಗ ‘ಇದೇ ಹೆಸರಿನವರು ಇನ್ನೊಬ್ಬರಿದ್ದಾರೆ’ ಎಂಬ ಎಚ್ಚರಿಕೆ ಬರುವಂತೆ ಮಾಡಿಸಿ.

ಎರಡನೆಯ ಹೆಸರು, ಬರೆದವರದ್ದು. ‘ಅಡ್ಮಿನ್’ ಎಂಬ ಸಿಸ್ಟರ್ ನಿಮ್ಮಲ್ಲಿ ಯಾರೂ ಇಲ್ಲ. ಎಲ್ಲರೂ ಒಂದೇ ಲಾಗಿನ್ ಬಳಸುವುದು ಸೋಮಾರಿತನಕ್ಕೆ ಎಂದು ಬೈದುಬಿಡುವುದು ಸುಲಭ. ನಿಮ್ಮ ಸ್ಟಾಫನ್ನು ಬೈಯುವ ಮೊದಲು ಒಂದು ಕೆಲಸ ಮಾಡಿ: ಸಂಜೆ ಏಳರ ಹೊತ್ತಿಗೆ ವಾರ್ಡಿನ ಕಂಪ್ಯೂಟರಿನಲ್ಲಿ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೀವೇ ಕೈಯಲ್ಲಿ ವಾಚ್ ಹಿಡಿದು ನೋಡಿ. ಒಂದೇ ಕಂಪ್ಯೂಟರ್, ಮೂವರು ಸಿಸ್ಟರ್‌ಗಳು, ಅದಕ್ಕೆ ಒಂದೂವರೆ ನಿಮಿಷ, ಆ ಕಡೆ ಯಾರಿಗೋ ಉಬ್ಬಸ. ಯಾರು ಲಾಗೌಟ್ ಆಗುತ್ತಾರೆ? ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಒತ್ತಾಯಿಸಿದ ಕಡೆಯೆಲ್ಲ ಕೀಬೋರ್ಡ್ ಎತ್ತಿ ನೋಡಿದ್ದೇನೆ, ಅಡಿಯಲ್ಲಿ ಚೀಟಿ ಅಂಟಿಸಿರುತ್ತಾರೆ. ಬೆರಳಚ್ಚಿನ ಸಣ್ಣ ಸಾಧನವೋ, ಕೊರಳಿನ ಐಡಿ ಕಾರ್ಡ್ ತಾಗಿಸುವ ವ್ಯವಸ್ಥೆಯೋ ಹಾಕಿಸಿ. ವಾರ್ಡಿಗೆ ಇನ್ನೊಂದು ಕಂಪ್ಯೂಟರ್ ಕೊಡಿಸಿ. ತಂತಮ್ಮ ಲಾಗಿನ್ ಬಳಸುವುದೇ ಸುಲಭವಾದರೆ ಯಾರೂ ಬೇರೆಯವರದ್ದು ಬಳಸುವುದಿಲ್ಲ. ಹೊರಗಿನಿಂದ, ಅಂದರೆ ಮನೆಯಿಂದಲೋ ಮೊಬೈಲಿನಿಂದಲೋ ಲಾಗಿನ್ ಆಗುವವರಿಗೆ ಮಾತ್ರ ಪಾಸ್‌ವರ್ಡಿನ ಮೇಲೆ ಒಟಿಪಿಯಂಥ ಇನ್ನೊಂದು ಬೀಗ ಇರಲೇಬೇಕು, ಅಲ್ಲಿ ರಿಯಾಯಿತಿ ಬೇಡ.

ಹಾಗೇ ಯಾರು ಏನನ್ನು ನೋಡಬಹುದು ಎಂಬುದನ್ನೂ ವಿಂಗಡಿಸಿ. ಬಿಲ್ಲಿಂಗಿನವರಿಗೆ ಎಚ್‌ಐವಿ ರಿಪೋರ್ಟ್ ಯಾಕೆ ಕಾಣಬೇಕು? ಸಣ್ಣ ಊರಿನಲ್ಲಿ ಒಬ್ಬಳ ಗರ್ಭಪಾತದ ಸುದ್ದಿ ಬಸ್‌ಸ್ಟ್ಯಾಂಡ್ ತಲುಪಲು ಹ್ಯಾಕರ್ ಬೇಡ, ಕೌಂಟರಿನಲ್ಲಿ ಕೂತ ಅವಳ ದೂರದ ನೆಂಟ ಸಾಕು. ಸುದ್ದಿ ಹರಡೀತೆಂಬ ಭಯವಿದ್ದವರು ಡಾಕ್ಟರಿಗೂ ನಿಜ ಹೇಳುವುದಿಲ್ಲ. ಅಲ್ಲಿಗೆ ದಾಖಲೆ ಮತ್ತೆ ತಪ್ಪು. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಮುಚ್ಚಬೇಕು. ತಿಂಗಳಿಗೊಮ್ಮೆ ಆಡಿಟ್ ಲಾಗ್, ಅಂದರೆ ಯಾರು ಯಾವಾಗ ಏನು ಮಾಡಿದರೆಂದು ಸಾಫ್ಟ್‌ವೇರ್ ತಾನೇ ಬರೆದಿಡುವ ಪಟ್ಟಿ, ತೆರೆದು, ಒಂದಿಷ್ಟು ಫೈಲುಗಳನ್ನು ಯಾರ್‍ಯಾರು ತೆರೆದಿದ್ದಾರೆ ಎಂದು ನೀವೇ ಕೂತು ನೋಡಿ. ನೋಡುತ್ತೀರಿ ಎಂದು ಗೊತ್ತಾದರೇ ಅರ್ಧ ಇಣುಕಾಟ ನಿಲ್ಲುತ್ತದೆ.

ಎರಡೂ ಹೆಸರು ಸರಿಯಿದ್ದೂ ಸಾಲಿನೊಳಗಿನ ಅಂಕಿ ಕೈಕೊಡುವುದುಂಟು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದದ್ದನ್ನು ನಾನು ಹೊಸ ಸಿಸ್ಟರ್‌ಗಳಿಗೆ ಪ್ರತಿ ಬ್ಯಾಚಿನಲ್ಲೂ ಹೇಳುತ್ತೇನೆ. 16 ವರ್ಷದ ಹುಡುಗ, ತೂಕ 38.6 ಕೆಜಿ. ಕೋ-ಟ್ರೈಮಾಕ್ಸಜೋಲ್, ಅದೇ ಸೋಂಕಿಗೆ ಕೊಡುವ ನಮ್ಮ ಸೆಪ್ಟ್ರಾನ್ ಜಾತಿಯ ಮಾತ್ರೆ, ಹೊತ್ತಿಗೊಂದು ನುಂಗುತ್ತಿದ್ದ. ಅಲ್ಲಿನ ನಿಯಮದಂತೆ 40 ಕೆಜಿಗಿಂತ ಕಡಿಮೆ ಇದ್ದವರಿಗೆ ಡೋಸನ್ನು ಕೆಜಿ ಲೆಕ್ಕದಲ್ಲೇ ಬರೆಯಬೇಕು. ಲೆಕ್ಕ 193 ಮಿಲಿಗ್ರಾಂ ಬಂತು, ಮಾತ್ರೆ ಇರುವುದು 160ರದ್ದು, 160 ಎಂದೇ ಬರೆದು ಕಳಿಸಿ ಎಂದರು ಫಾರ್ಮಸಿಯವರು. ಡಾಕ್ಟರ್ 160 ಎಂದು ಟೈಪ್ ಮಾಡಿದರು. ಪಕ್ಕದ ಕಾಲಮ್ಮಿನಲ್ಲಿ ಮಾತ್ರ ‘ಪ್ರತಿ ಕೆಜಿಗೆ’ ಎಂದೇ ಉಳಿದಿತ್ತು. ಕಂಪ್ಯೂಟರ್ ವಿಧೇಯವಾಗಿ ಗುಣಿಸಿತು: ಮೂವತ್ತೆಂಟೂವರೆ ಮಾತ್ರೆ. ಡಾಕ್ಟರಿಗೆ ಎಚ್ಚರಿಕೆ ಬಂತು, ದಿನವೆಲ್ಲ ಬರುವ ನೂರರಲ್ಲಿ ಇದೂ ಒಂದು ಎಂದು ಮುಚ್ಚಿದರು. ಫಾರ್ಮಸಿಯಲ್ಲೂ ಬಂತು, ಅಲ್ಲೂ ಮುಚ್ಚಿದರು. ರೋಬೋ ಅಷ್ಟೂ ಮಾತ್ರೆಯನ್ನು ಲೆಕ್ಕ ತಪ್ಪದೆ ಪ್ಯಾಕ್ ಮಾಡಿತು. ನರ್ಸಿಗೆ ವಿಚಿತ್ರ ಅನ್ನಿಸಿತು, ಆದರೆ ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗ ‘ಸರಿಯಿದೆ’ ಎಂದು ಬಂತು. ಹುಡುಗ ನುಂಗಿದ. ಫಿಟ್ಸ್ ಬಂದು, ಪುಣ್ಯಕ್ಕೆ ಬದುಕಿದ.

ಅಲ್ಲಿ ಹ್ಯಾಕ್ ಇಲ್ಲ, ಪೇಷಂಟ್ ಅದಲುಬದಲಿಲ್ಲ. ಬಾರ್‌ಕೋಡ್ ತನ್ನ ಕೆಲಸ ಮಾಡಿತು: ಬರೆದದ್ದನ್ನೇ ಕೊಡುತ್ತಿದ್ದಾರೆಯೇ ಎಂದು ನೋಡಿತು. ಬರೆದದ್ದು ಸರಿಯೇ ಎಂದು ನೋಡುವುದು ಅದರ ಕೆಲಸವಲ್ಲ. ಕಾಗದದ ಮೇಲೆ ಗೀಚಿದ್ದನ್ನು ನಾವು ಅನುಮಾನಿಸುತ್ತೇವೆ, ಪರದೆಯ ಮೇಲೆ ಅಚ್ಚುಕಟ್ಟಾಗಿ ಬಂದದ್ದನ್ನು ದೇವರ ವಾಕ್ಯದಂತೆ ಒಪ್ಪಿಕೊಳ್ಳುತ್ತೇವೆ. ನಿಮ್ಮ ಸಿಸ್ಟರ್ ಹಾಗೆ ಒಪ್ಪಲಿಲ್ಲ ನೋಡಿ, ಅವರಿಗೆ ಎಲ್ಲರೆದುರು ಶಹಬ್ಬಾಸ್ ಹೇಳಿದಿರಾ?

ಇದನ್ನು ನಿಮ್ಮ ಸಾಫ್ಟ್‌ವೇರಿಗೆ ಹಚ್ಚಿ ನೋಡಿ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್ ಎಂದು ಬರೆದರೆ ಯಾವ ಸಿರಪ್? 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹಸುಗೂಸಿನ ಡ್ರಾಪ್ಸ್‌ನಲ್ಲಂತೂ ಒಂದೇ ಎಂಎಲ್‌ಗೆ 100. ಔಷಧಿಯ ಪಟ್ಟಿಯಲ್ಲಿ ಶಕ್ತಿ ನಮೂದಿಸದೆ ಆರ್ಡರ್ ಮುಂದೆ ಹೋಗದಂತೆ ಮಾಡಿಸಿ. ಇನ್ಸುಲಿನ್ ‘10’ರ ಪಕ್ಕ ‘ಯು’ ಅಕ್ಷರ ಟೈಪ್ ಮಾಡಿದರೆ ಪ್ರಿಂಟಿನಲ್ಲಿ 100 ಎಂದು ಓದುವವರಿದ್ದಾರೆ, ‘ಯೂನಿಟ್’ ಎಂದು ಪೂರ್ತಿ ಬರಲಿ. ಲಂಡನ್ನಿನ ಮಗನ ಮನೆಯಿಂದ ವಾಪಸಾದ ತಾಯಿ ತಂದ ರಿಪೋರ್ಟಿನಲ್ಲಿ ಶುಗರ್ 7.8 ಎಂದಿದ್ದರೆ ಅದು ಅಲ್ಲಿಯ ಅಳತೆಯ ಮಾನ, ನಮ್ಮ ಲೆಕ್ಕಕ್ಕೆ 18ರಿಂದ ಗುಣಿಸಿ, ಸುಮಾರು 140. ಮಾನವಿಲ್ಲದ ಅಂಕಿಯನ್ನು ಸಿಸ್ಟಮ್ ಸ್ವೀಕರಿಸಲೇಬಾರದು. ಅಲರ್ಜಿಯ ಕಾಲಂ ಖಾಲಿ ಇದ್ದರೆ ‘ಅಲರ್ಜಿ ಇಲ್ಲ’ ಎಂದಲ್ಲ, ‘ಯಾರೂ ಕೇಳಿಲ್ಲ’ ಎಂದರ್ಥ. ‘ಕೇಳಿದ್ದೇವೆ, ಇಲ್ಲವಂತೆ’ ಎಂಬುದಕ್ಕೆ ಬೇರೆಯೇ ಗುರುತು ಬೇಕು. ಅನಗತ್ಯ ಎಚ್ಚರಿಕೆಗಳನ್ನು ಧೈರ್ಯವಾಗಿ ತೆಗೆಸಿ. ಎಲ್ಲದಕ್ಕೂ ಕೂಗುವ ಗಂಟೆಗೆ ಯಾರೂ ಓಡಿಬರುವುದಿಲ್ಲ.

ಇನ್ನು ಕಾಪಿ-ಪೇಸ್ಟ್. ಅದೇ ಕ್ಯಾಲಿಫೋರ್ನಿಯಾದ ಆಸ್ಪತ್ರೆಯವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದಿನದ ನೋಟ್ಸ್‌ನಲ್ಲಿ ಕೈಯಿಂದ ಟೈಪ್ ಮಾಡಿದ್ದು ಶೇ 18 ಮಾತ್ರ ಇತ್ತು. ಶೇ 46 ಕಾಪಿ, ಉಳಿದದ್ದು ತಾನಾಗಿ ಬಂದು ಕೂತದ್ದು. ನಿನ್ನೆಯ ನೋಟ್ಸ್ ಇವತ್ತಿಗೆ ಎಳೆದರೆ, ನಿನ್ನೆ ಬೆಳಿಗ್ಗೆ ತೆಗೆದ ಕ್ಯಾಥೆಟರ್ (ಮೂತ್ರದ ನಳಿಕೆ) ದಾಖಲೆಯಲ್ಲಿ ವಾರಗಟ್ಟಲೆ ಇದ್ದೇ ಇರುತ್ತದೆ. ಪೂರ್ತಿ ನಿಷೇಧಿಸಲು ಹೋಗಬೇಡಿ, ನಡೆಯುವುದಿಲ್ಲ. ಕಾಪಿಯಾದ ಭಾಗ ಬೇರೆ ಬಣ್ಣದಲ್ಲಿ ಕಾಣಲಿ. ಡಿಸ್ಚಾರ್ಜ್ ಸಮರಿಯನ್ನಾದರೂ ಪೇಷಂಟ್ ಮತ್ತು ಮನೆಯವರ ಮುಂದೆ ಕೂತು ಕನ್ನಡದಲ್ಲಿ ಓದಿ ಹೇಳಿ. ‘ಶುಗರ್ ನನಗಲ್ಲ ಮೇಡಂ, ನಮ್ಮ ಯಜಮಾನರಿಗೆ’ ಎಂದು ಅವರು ತಿದ್ದಿದ್ದನ್ನು ಎಷ್ಟೋ ಸಲ ಕೇಳಿದ್ದೇನೆ.

‘ಎಲ್ಲಾ ಕ್ಲೌಡ್‌ನಲ್ಲಿದೆ, ಸೇಫ್’ ಎಂಬ ಮಾತಿಗೆ ಬರೋಣ. ಕ್ಲೌಡ್ ಎಂದರೆ ಬೇರೆಯವರ ಕಂಪ್ಯೂಟರ್. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರ್‌ಗಳಿಗೆ ರ್‍ಯಾನ್ಸಮ್‌ವೇರ್, ಅಂದರೆ ಮಾಹಿತಿಗೆ ಬೀಗ ಹಾಕಿ ಹಣ ಕೇಳುವ ವೈರಸ್, ನುಗ್ಗಿತು. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು ಎಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಓಪಿಡಿ ಚೀಟಿ, ಲ್ಯಾಬ್, ಬಿಲ್ಲಿಂಗ್ ಎಲ್ಲ ಹಲವು ದಿನ ಪೆನ್ನು ಕಾಗದಕ್ಕೆ ಇಳಿದವು. ನಿಮ್ಮ ಸಾಫ್ಟ್‌ವೇರ್‌ನವರಿಗೆ ಕೇಳಬೇಕಾದದ್ದು ‘ಸೇಫಾ?’ ಎಂದಲ್ಲ. ‘ನಿನ್ನೆ ರಾತ್ರಿಯ ಬ್ಯಾಕಪ್‌ನಿಂದ ನನ್ನ ಕಣ್ಣೆದುರು ಒಬ್ಬ ಪೇಷಂಟಿನ ಫೈಲ್ ವಾಪಸ್ ತಂದು ತೋರಿಸಿ, ಎಷ್ಟು ಹೊತ್ತು ಹಿಡಿಯುತ್ತದೆ?’ ಎಂದು. ದಾಖಲೆಯ ಮೂರು ಪ್ರತಿ ಇರಲಿ, ಎರಡು ಬಗೆಯ ಜಾಗದಲ್ಲಿ, ಅವುಗಳಲ್ಲಿ ಒಂದು ಪ್ರತಿ ಕಟ್ಟಡದಿಂದ ಆಚೆ. ಆ ಒಂದಕ್ಕೆ ನೆಟ್‌ವರ್ಕ್ ಸಂಪರ್ಕವೇ ಇರಬಾರದು, ಇಲ್ಲದಿದ್ದರೆ ಬ್ಯಾಕಪ್ಪಿಗೂ ಬೀಗ ಬೀಳುತ್ತದೆ. ಕರೆಂಟು, ನೆಟ್ಟು ಎರಡೂ ಹೋದ ಮಳೆಗಾಲದ ರಾತ್ರಿಗೆ ಪ್ರತಿ ವಾರ್ಡಿನಲ್ಲೂ ಒಳರೋಗಿಗಳ ಹೆಸರು, ಅಲರ್ಜಿ, ನಡೆಯುತ್ತಿರುವ ಔಷಧಿ ಇರುವ ಒಂದು ಪ್ರಿಂಟ್ ದಿನಾ ಸಂಜೆ ತೆಗೆದಿಡಿ. ಮರುದಿನ ಅದನ್ನು ಹರಿದು ಹಾಕುವುದನ್ನು ಮರೆಯಬೇಡಿ.

ಕಾನೂನಿನ ಮಾತು ಚುಟುಕಾಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಪೇಷಂಟಿನ ಮಾಹಿತಿಗೆ ಹೊಣೆ ನೀವು. ಸಾಫ್ಟ್‌ವೇರ್ ಕಂಪನಿ ನಿಮ್ಮ ಪರವಾಗಿ ಇಟ್ಟುಕೊಂಡಿದ್ದರೂ ಹೊಣೆ ನಿಮ್ಮದೇ, ಕರಾರಿನಲ್ಲಿ ಏನೇ ಬರೆದಿರಲಿ. ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ತಪ್ಪಿದ್ದರೆ ತಿದ್ದಿಸಿಕೊಳ್ಳುವ ಹಕ್ಕು ಪೇಷಂಟಿಗೆ ಇದೇ ಕಾಯ್ದೆಯಲ್ಲಿದೆ. ಸೈಬರ್ ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಇದು 2022ರಿಂದಲೇ ಇದೆ. ಕರಾರಿನಲ್ಲಿ ಒಂದು ಸಾಲು ಸೇರಿಸಿ: ನಾವು ನಿಮ್ಮನ್ನು ಬಿಟ್ಟರೆ ಪೂರ್ತಿ ದಾಖಲೆ, ಆಡಿಟ್ ಲಾಗ್ ಸಮೇತ, ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ಕೊಡಬೇಕು. ಈ ಸಾಲಿಲ್ಲದೆ ಒದ್ದಾಡಿದವರನ್ನು ಕಂಡಿದ್ದೇನೆ.

ವಾರ್ಡಿನ ವಾಟ್ಸಾಪ್ ಗ್ರೂಪ್ ಬಗ್ಗೆ ನೀವು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ. ಇಸಿಜಿ ಫೋಟೋ ಕಳಿಸಿ ನಿಮ್ಮ ಯಜಮಾನರ ಸಲಹೆ ಕೇಳುವುದನ್ನು ನಾನು ತಪ್ಪೆನ್ನುವುದಿಲ್ಲ, ಅದರಿಂದ ಜೀವ ಉಳಿದಿದೆ. ಅವರು ಅಲ್ಲಿ ಹೇಳಿದ್ದು ಅವರ ಹೆಸರಿನಲ್ಲೇ ಫೈಲಿಗೆ ಬರಬೇಕು, ಅಷ್ಟೇ. ಇಲ್ಲದಿದ್ದರೆ ಚಿಕಿತ್ಸೆ ನಡೆದದ್ದು ಒಂದು ಕಡೆ, ದಾಖಲೆ ಇನ್ನೊಂದು ಕಡೆ.

ಕೊನೆಗೆ ಆ ರೂಮು. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ಪೇಷಂಟ್ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ಆಯಿತೆಂದು ಎಲ್ಲವನ್ನೂ ತೆಗೆಯಬೇಡಿ. ಪೊಲೀಸ್ ಕೇಸು, ಕೋರ್ಟಿನಲ್ಲಿರುವುದು, ಮಕ್ಕಳದ್ದು, ಹೆರಿಗೆಯದ್ದು ಬೇರೆ ಮಾಡಿ ಇಟ್ಟುಕೊಳ್ಳಿ. ಈಗಲೂ ನಿಮ್ಮಲ್ಲಿಗೆ ಬರುತ್ತಿರುವವರ ಹಳೇ ಫೈಲಿನಿಂದ ಅಲರ್ಜಿ, ಆಪರೇಷನ್, ಬ್ಲಡ್ ಗ್ರೂಪ್ ಇವಿಷ್ಟನ್ನು ಅವರು ಮುಂದಿನ ಸಲ ಬಂದಾಗ, ಅವರನ್ನು ಕೇಳಿಕೊಂಡೇ ಕಂಪ್ಯೂಟರಿಗೆ ಹಾಕಿ. ಡೇಟಾ ಎಂಟ್ರಿಗೆ ಹುಡುಗರನ್ನು ಕರೆದು ರಾಶಿಗಟ್ಟಲೆ ಒಂದೇ ವಾರದಲ್ಲಿ ತುಂಬಿಸಲು ಹೋದರೆ ಇನ್ನಷ್ಟು ಜಯಮ್ಮಂದಿರು ಅದಲುಬದಲಾಗುತ್ತಾರೆ. ಉಳಿದದ್ದನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಕೊಡಬೇಡಿ. ಬೋಂಡಾ ಕಟ್ಟಿಕೊಟ್ಟ ಪೇಪರಿನಲ್ಲಿ ಪರಿಚಯದವರ ಸ್ಕ್ಯಾನಿಂಗ್ ರಿಪೋರ್ಟನ್ನು ಒಮ್ಮೆ ಓದಿದ್ದೇನೆ. ಚೂರು ಮಾಡುವ ಯಂತ್ರದವರನ್ನು ಕರೆಸಿ, ಮುಗಿಯುವವರೆಗೆ ನಿಮ್ಮವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ.